ಹನ್ನೆರಡು ಕಡೆ ಹೆರೆದ ಹೆಸರು

ನಾನು ಹೊರತಂದ ಪತ್ರಿಕೆಯದು ಒಂದೇ ಒಂದು ಸಂಚಿಕೆ. ಮೂವತ್ತು ಪ್ರತಿ. ಪತ್ರಿಕೆಗೆ ಏನೋ ಒಂದು ಹೆಸರಿಟ್ಟಿದ್ದೆ, ಈಗ ಅದನ್ನು ಹೇಳಲು ನಾಚಿಕೆಯಾಗುತ್ತದೆ. ಆಗ ನಾನು ಕೊಲ್ಲಾಪುರದಲ್ಲಿ ಚಿತ್ರಕಲೆ ಕಲಿಯುತ್ತಿದ್ದೆ. ಯುದ್ಧದ ಕಾಲ. ಕಲಿಯುತ್ತಿದ್ದೆ ಅಂತ ಹೇಳುವುದು ಮನೆಯವರ ಸಮಾಧಾನಕ್ಕೆ. ಮೂರನೆಯ ವರ್ಷಕ್ಕೆ ಬಂದರೂ ನನ್ನ ಗೆರೆಗೆ ಜೀವ ಬಂದಿರಲಿಲ್ಲ. ಮಾಸ್ತರರು ನನ್ನ ಹಾಳೆಯ ಮುಂದೆ ನಿಂತು, ಏನೂ ಅನ್ನದೆ, ಪಕ್ಕದವನ ಹಾಳೆಗೆ ಹೋಗುತ್ತಿದ್ದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಚಿತ್ರ ಬರುತ್ತಿದ್ದದ್ದು ನನ್ನ ಅಕ್ಕನಿಗೆ. ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು ಅವಳೇ. ಮದುವೆಯಾದ ಎರಡನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಗಡಹಿಂಗ್ಲಜದ ನಮ್ಮ ಮನೆಗೆ ತಿರುಗಿ ಬಂದಿದ್ದಳು. ಬಂದ ದಿನವೇ ಅಜ್ಜಿ ಅವಳ ಕೈಯಿಂದ ರಂಗೋಲಿ ಬಟ್ಟಲು ಕಿತ್ತುಕೊಂಡಳು. ಗಂಡ ಸತ್ತವಳು ಬಾಗಿಲಿಗೆ ರಂಗೋಲಿ ಹಾಕಬಾರದು ಅಂತ ಅಜ್ಜಿಯ ಕಟ್ಟಳೆ. ಮದುವೆಗೆ ಮುಂಚೆ ಓಣಿಯಲ್ಲಿ ಯಾರ ಮನೆಯ ಹಬ್ಬವಿರಲಿ, ರಂಗೋಲಿಗೆ ಮೊದಲು ಕರೆಯುತ್ತಿದ್ದದ್ದು ಇವಳನ್ನೇ. ಅಂಥವಳು ಈಗ ಹಿತ್ತಲಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಅಪ್ಪನದು ಮೆಣಸಿನಕಾಯಿ ವ್ಯಾಪಾರ, ಆ ಕೆಲಸಕ್ಕೇನು ಬರವಿರಲಿಲ್ಲ.

ನೆಲ ಹೋದರೆ ಹೋಯಿತು ಅಂತ ಅವಳು ಕಾಗದ ಹಿಡಿದಳು. ನಾನು ಬರೆದು ಬಿಟ್ಟ ಶಾಲೆಯ ವಹಿಗಳ ಉಳಿದ ಹಾಳೆಗಳಲ್ಲಿ, ನನ್ನ ಮೋಟು ಪೆನ್ಸಿಲ್ಲಿನಿಂದ, ಚುಕ್ಕಿಯಿಡದೆ, ಅಳತೆ ಹಿಡಿಯದೆ ತೆಗೆಯುತ್ತಿದ್ದಳು. ತುಳಸಿಕಟ್ಟೆ, ತೊಟ್ಟಿಲು, ನವಿಲು ಇದ್ದೇ ಇದ್ದವು. ಅವನ್ನು ಎಲ್ಲರೂ ತೆಗೆಯುತ್ತಾರೆ. ಅವಳ ಸ್ವಂತದ್ದು ಬೇರೆಯೇ ಇತ್ತು. ಒಂದು ಮೆಣಸಿನಕಾಯಿಯ ಕೊಂಕು ಬಾಲ ಮುಂದಿನ ಮೆಣಸಿನಕಾಯಿಯ ತೊಟ್ಟಿಗೆ ಕೂಡಿ, ಅದು ಮತ್ತೊಂದಕ್ಕೆ ಕೂಡಿ, ಹಾಳೆಯ ಸುತ್ತ ಅಂಚಾಗಿ ಓಡುತ್ತಿತ್ತು. ರಜೆಗೆ ಹೋದಾಗ ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳೇಕೆ ಹೇಳಲಿ? ಮೊದಲು ಹೊಟ್ಟೆಕಿಚ್ಚು, ಆಮೇಲೆ ಪ್ರೀತಿ.

ನಾನಿದ್ದ ಬೋರ್ಡಿಂಗಿನಲ್ಲಿ ಮರಾಠಿ ಹುಡುಗರು ಕೈಬರಹದ ಪತ್ರಿಕೆ ಮಾಡುತ್ತಿದ್ದರು. ಒಂದೇ ಪ್ರತಿ, ಅದೇ ಕೋಣೆಯಿಂದ ಕೋಣೆಗೆ ಓಡಾಡುತ್ತಿತ್ತು. ನಾನು ಕನ್ನಡದಲ್ಲಿ ಮಾಡುತ್ತೇನೆ, ಅದೂ ಕಲ್ಲಚ್ಚಿನಲ್ಲಿ, ಅಂತ ಜಂಬ ಕೊಚ್ಚಿಕೊಂಡೆ. ಬೇಕಾದ್ದು ಅಕ್ಕನ ಹನ್ನೆರಡು ಚಿತ್ರ, ಒಂದೊಂದರ ಕೆಳಗೆ ನನ್ನ ನಾಲ್ಕು ಸಾಲು. ಅಕ್ಕನಿಗೆ ಹೇಳಿದಾಗ ಅವಳು ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗಿಟ್ಟಳು.

"ಅಚ್ಚಿನಾಗ ಹಾಕ್ತೀ? ನಾ ತಗದದ್ದ?"

"ಹೌದಕ್ಕಾ."

"ಹಂಗಾರ ಒಂದ ಮಾತ ಕೇಳ್ಲೇನು? ನಗಬಾರದ ನೋಡ."

"ಕೇಳ."

"ಕೆಳಗ ನನ್ನ ಹೆಸರ ಹಾಕ್ತೀಯೇನು? ಲಗ್ನಪತ್ರಿಕಿ ಬಿಟ್ಟರ ನನ್ನ ಹೆಸರ ಎಲ್ಲೂ ಬಂದಿಲ್ಲೋ ತಮ್ಮಾ."

ಹಾಕುತ್ತೇನೆ ಅಂದೆ. ಒಂದು ಕಡೆಯಲ್ಲ, ಹನ್ನೆರಡು ಚಿತ್ರಕ್ಕೂ ಹಾಕುತ್ತೇನೆ ಅಂದೆ. ಅವಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ತನ್ನ ಹೆಸರು ಬರೆದರೆ ಹೇಗೆ ಕಾಣುತ್ತದೆ ಅಂತ ಕೇಳಿದಳು. ಸುಣ್ಣದ ತುಂಡಿನಿಂದ ಅಡಿಗೆಮನೆಯ ನೆಲದ ಮೇಲೆ ಬರೆದು ತೋರಿಸಿದೆ. ಆ ರಜೆಯಿಡೀ ಒಲೆಯ ಮುಂದೆ ಅದನ್ನೇ ಬರೆದಳು, ಒರೆಸಿದಳು, ಮತ್ತೆ ಬರೆದಳು. ಅಜ್ಜಿ ಬಂದರೆ ಮೇಲೆ ಚಾಪೆ ಎಳೆಯುತ್ತಿದ್ದಳು.

ಕೊಲ್ಲಾಪುರದಲ್ಲಿ ಕಲ್ಲಚ್ಚಿನ ಒಂದು ಸಣ್ಣ ಅಂಗಡಿಯಿತ್ತು. ಬಟ್ಟೆಯ ಗಂಟುಗಳಿಗೆ ಅಂಟಿಸುವ ಬಣ್ಣದ ಚೀಟಿಗಳನ್ನು ಅಲ್ಲಿ ಅಚ್ಚು ಹಾಕುತ್ತಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದ ಮುದುಕನನ್ನು ನಾವೆಲ್ಲ ಚಾಚಾ ಅನ್ನುತ್ತಿದ್ದೆವು. ಹಳೆಯ ಕಲ್ಲುಗಳನ್ನು ಮರಳು ಹಾಕಿ ಉಜ್ಜಿ ಕೊಟ್ಟರೆ ಒಂದು ಕಲ್ಲು ನಿನಗೆ ಬಿಡುತ್ತೇನೆ ಅಂದ. ಎರಡು ತಿಂಗಳು ಉಜ್ಜಿದೆ. ಯುದ್ಧದಿಂದಾಗಿ ಕಾಗದ ಸಿಗುತ್ತಿರಲಿಲ್ಲ. ಕೆಟ್ಟುಹೋದ ಚೀಟಿಗಳ ದೊಡ್ಡ ಹಾಳೆಗಳನ್ನು ಅವನೇ ಕೊಟ್ಟ. ಅವುಗಳ ಹಿಂದಿನ ಬಿಳಿ ಮಗ್ಗುಲಲ್ಲಿ ನನ್ನ ಪತ್ರಿಕೆ, ಮುಂದಿನ ಮಗ್ಗುಲಲ್ಲಿ ಸೊಂಡಿಲು ಎತ್ತಿದ ಆನೆಗಳು.

ಕಲ್ಲಿನ ಮೇಲೆ ಎಲ್ಲವನ್ನೂ ಉಲ್ಟಾ ಬರೆಯಬೇಕು, ಕನ್ನಡಿಯಲ್ಲಿ ಕಾಣುವ ಹಾಗೆ. ಜಿಡ್ಡಿನ ಮಸಿಯಲ್ಲಿ ಬರೆದು, ಗೋಂದು ಮತ್ತು ತೇಜಾಬು ಎಂಬ ಆಮ್ಲ ಸವರಿ, ಕಲ್ಲನ್ನು ಒದ್ದೆ ಮಾಡಿ ಮಸಿಯ ಉರುಳೆ ಓಡಿಸಿದರೆ ಬರೆದ ಕಡೆ ಮಾತ್ರ ಮಸಿ ಹಿಡಿಯುತ್ತದೆ. ಹನ್ನೆರಡು ಸಣ್ಣ ಪುಟಗಳನ್ನು ಒಂದೇ ಕಲ್ಲಿನ ಮೇಲೆ ಹೊಂದಿಸಿದೆ. ಅಕ್ಕನ ಗೆರೆಗಳನ್ನು ತೆಳು ಕಾಗದದಿಂದ ಎತ್ತಿ ಇಳಿಸಿದ್ದರಿಂದ ಅವು ಕೆಡಲಿಲ್ಲ. ಪ್ರತಿ ಚಿತ್ರದ ಕೆಳಗೆ ಮೂಲೆಯಲ್ಲಿ ಅವಳ ಹೆಸರು ಬರೆದೆ. ಮೊದಲ ಪುಟದ ನೆತ್ತಿಯಲ್ಲಿ ಸಂಪಾದಕ ಅಂತ ನನ್ನ ಹೆಸರು ದಪ್ಪಗೆ ಹಾಕಿಕೊಂಡೆ. ಅದೇನು ತಪ್ಪಲ್ಲ, ಅಲ್ಲಿಯವರೆಗೆ ನಾನು ಯಾವ ತಪ್ಪನ್ನೂ ಮಾಡಿರಲಿಲ್ಲ.

ಪರೀಕ್ಷೆಗೆಂದು ಮೊದಲ ಹಾಳೆ ತೆಗೆದು ಬಾಗಿಲ ಬೆಳಕಿಗೆ ಹಿಡಿದಿದ್ದೆ. ಇಚಲಕರಂಜಿಯ ಒಬ್ಬ ಮಗ್ಗದ ಸಾಹುಕಾರರು ತಮ್ಮ ಚೀಟಿಗಳಿಗಾಗಿ ಬಂದು ನಿಂತಿದ್ದರು. ನಮ್ಮ ಕಡೆಯವರೇ, ಮನೆಮಾತು ಕನ್ನಡ, ಆದರೆ ಓದಿದ್ದೆಲ್ಲ ಮರಾಠಿ, ಕನ್ನಡ ಅಕ್ಷರ ಬಾರದು. ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮೆಣಸಿನಕಾಯಿಯ ಅಂಚಿನ ಮೇಲೆ ಬೆರಳು ಓಡಿಸಿದರು.

"ಭಾಳ ಚೊಲೋ ಐತೆಲ್ಲ! ಯಾರ ತಗದಾರಿದ?"

ಆ ದನಿಯಲ್ಲಿ ಒಬ್ಬ ದೊಡ್ಡ ಮನುಷ್ಯ ಅದುವರೆಗೆ ನನ್ನೊಂದಿಗೆ ಮಾತಾಡಿರಲಿಲ್ಲ.

"ನಾನ ರೀ," ಅಂದೆ.

"ಮತ್ತ ಮೂಲಿಗೆ ಏನ ಬರದೀ?"

"ನನ್ನ ಹೆಸರ ರೀ."

ಎಷ್ಟು ಸಲೀಸಾಗಿ ಬಂತು ನೋಡಿ! ನಾಲಗೆ ಸ್ವಲ್ಪವೂ ತೊಡರಲಿಲ್ಲ. ಸಾಹುಕಾರರು ನಕ್ಕರು. "ಸೀರಿ ಅಂಚಿಗೆ ನಕಾಶಿ ತಗಿಯಾವ ಒಬ್ಬ ಬೇಕಾಗ್ಯಾನಪಾ ನನಗ. ನಾಳಿ ಇದರದೊಂದ ಪ್ರತಿ ಕೊಡು. ಮನ್ಯಾಗ ನಮ್ಮವ್ವ ಕನ್ನಡಾ ಓದ್ತಾಳ, ಆಕಿಗೂ ತೋರಸ್ತೇನಿ," ಅಂತ ಹೇಳಿ ಚೀಟಿಯ ಕಟ್ಟು ಹಿಡಿದುಕೊಂಡು ಹೋದರು.

ಅವರವ್ವ ಕನ್ನಡ ಓದುತ್ತಾಳೆ. ಮೂಲೆಯಲ್ಲಿ ಒಬ್ಬ ಹೆಂಗಸಿನ ಹೆಸರಿದೆ. ಓಡಿಹೋಗಿ ಅವರನ್ನು ಹಿಡಿದು "ತಪ್ಪಾತ್ರಿ, ನಮ್ಮಕ್ಕ ತಗದದ್ದರಿ" ಅಂದಿದ್ದರೆ ಏನಾಗುತ್ತಿತ್ತು? ಬಹಳವೆಂದರೆ ನಕ್ಕು ಬಿಡುತ್ತಿದ್ದರು. ಅವರು ಓಣಿಯ ತಿರುವು ದಾಟುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ. ಆಮೇಲೆ ಒಳಗೆ ಬಂದು ಹೆರೆಯುವ ಚಾಕು ತೆಗೆದುಕೊಂಡೆ.

"ತಪ್ಪು ಬಿದ್ದಿದೆಯಾ?" ಅಂತ ಚಾಚಾ ತನ್ನ ಉರ್ದುವಿನಲ್ಲಿ ಕೇಳಿದ. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಹೌದು ಅಂದೆ. ಹಗುರಾಗಿ ಹೆರೆ, ಹೆರೆದ ಮೇಲೆ ಮತ್ತೆ ಗೋಂದು ತೇಜಾಬು ಹಚ್ಚಿ ಒಣಗಲು ಬಿಡು, ಇಲ್ಲದಿದ್ದರೆ ಆ ಜಾಗ ಮಸಿ ಹಿಡಿಯುತ್ತದೆ ಅಂದ. ಹೆರೆದ ಕಡೆ ಮತ್ತೆ ಬರೆಯಲು ಬರುವುದಿಲ್ಲ, ಇಡೀ ಕಲ್ಲನ್ನೇ ಉಜ್ಜಿ ಮೊದಲಿನಿಂದ ಶುರು ಮಾಡಬೇಕಾಗುತ್ತದೆ ಅಂತಲೂ ಅಂದ. ನಾನು ಕೂತು ಹೆರೆದೆ. ಹನ್ನೆರಡು ಕಡೆ. ಒಂದು ಹೆರೆದು ಎರಡನೆಯದಕ್ಕೆ ಕೈ ಹಾಕುವಾಗ ನಿಲ್ಲಬಹುದಿತ್ತು, ಏಳನೆಯದಕ್ಕೂ ನಿಲ್ಲಬಹುದಿತ್ತು. ಸಂಜೆಯೊಳಗೆ ಮೂವತ್ತು ಪ್ರತಿ ಮುಗಿಸಬೇಕೆಂಬ ಅವಸರದಲ್ಲಿ ತೇಜಾಬನ್ನೂ ಸರಿಯಾಗಿ ಹಚ್ಚಲಿಲ್ಲ. ಚಾಚಾ ಹೇಳಿದ್ದೇ ಆಯಿತು. ಪ್ರತಿ ಚಿತ್ರದ ಮೂಲೆಯಲ್ಲೂ ಹೆಬ್ಬೆರಳಿನಷ್ಟು ಮಸಿಯ ಕಲೆ ಮೂಡಿತು.

ಮರುದಿನ ಸಾಹುಕಾರರ ಪ್ರತಿ ಕೊಟ್ಟೆ, ಕೆಲಸ ಗಟ್ಟಿಯಾಯಿತು. ಮೂರನೆಯ ದಿನ ಗಡಹಿಂಗ್ಲಜಕ್ಕೆ ಹೊರಟೆ. ಪೆಟ್ರೋಲಿಲ್ಲದ ದಿನಗಳು, ಮೋಟಾರು ಇದ್ದಿಲಿನ ಹೊಗೆಯಿಂದ ಓಡುತ್ತಿತ್ತು. ಏರು ಬಂದಾಗಲೆಲ್ಲ ನಾವು ಇಳಿದು ತಳ್ಳಬೇಕಿತ್ತು. ಅಕ್ಕನಿಗೆ ಏನು ಹೇಳಲಿ ಅಂತ ದಾರಿಯುದ್ದಕ್ಕೂ ಮಾತು ಹೊಂದಿಸಿದೆ. ಹೆಣ್ಣುಮಕ್ಕಳ ಹೆಸರು ಅಚ್ಚಿನಲ್ಲಿ ಬಂದರೆ ಜನ ಆಡಿಕೊಳ್ಳುತ್ತಾರೆ, ಅಪ್ಪ ಸಿಟ್ಟಾಗುತ್ತಾನೆ ಅಂತ ಹೇಳಿದರಾಯಿತು ಅಂದುಕೊಂಡೆ. ಮನೆಗೆ ಹೋಗಿ ನೋಡಿದರೆ ಹಿತ್ತಲಲ್ಲಿ ಓಣಿಯ ಐದಾರು ಹೆಂಗಸರು ಕೂತಿದ್ದಾರೆ. ಅಕ್ಕ ಎಲ್ಲರಿಗೂ ಹೇಳಿಟ್ಟಿದ್ದಳು.

ಅಕ್ಕ ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಪತ್ರಿಕೆ ತೆಗೆದುಕೊಂಡಳು. ಮೊದಲ ಪುಟ ನೋಡಿದಳು. ಎರಡನೆಯದನ್ನು ನೋಡಿದಳು. ಅವಳ ಕಣ್ಣು ಚಿತ್ರದ ಮೇಲೆ ನಿಲ್ಲುತ್ತಲೇ ಇರಲಿಲ್ಲ, ನೇರವಾಗಿ ಕೆಳಗಿನ ಮೂಲೆಗೆ ಹೋಗುತ್ತಿತ್ತು. ಹೀಗೆ ಹನ್ನೆರಡೂ ಪುಟ ತಿರುವಿದಳು, ಮತ್ತೆ ಮೊದಲಿಗೆ ಬಂದಳು. ಆ ಒಂದು ಹೆಸರಿನ ಹೊರತು ಬೇರೆ ಅಕ್ಷರವೇ ಗೊತ್ತಿಲ್ಲದವಳು ಅದನ್ನೇ ಹುಡುಕುತ್ತಿದ್ದಾಳೆ, ನಾನು ಎದುರಿಗೆ ಕಂಬದಂತೆ ನಿಂತಿದ್ದೇನೆ.

ಮಗ್ಗುಲ ಮನೆಯ ಹೆಂಗಸು, ನಾವು ಕಾಕು ಅನ್ನುತ್ತಿದ್ದವಳು, ತಡೆಯಲಾರದೆ ಬಗ್ಗಿ ಕೇಳಿದಳು: "ಎಲ್ಲೈತೆವಾ ನಿನ್ನ ಹೆಸರು? ನಮಗೂ ತೋರಸವಾ!"

ಅಕ್ಕ ನನ್ನ ಕಡೆ ಒಂದು ಸಲ ನೋಡಿದಳು. ಆಮೇಲೆ ಮೊದಲ ಪುಟದ ನೆತ್ತಿಯಲ್ಲಿ ದಪ್ಪಗೆ ಬರೆದಿದ್ದ ನನ್ನ ಹೆಸರಿನ ಮೇಲೆ ಬೆರಳಿಟ್ಟಳು.

"ಇಲ್ಲೈತಿ ನೋಡ್ರಿ. ಎಲ್ಲಾರಕಿಂತ ಮ್ಯಾಲ ಹಾಕ್ಯಾನ ನನ್ನ ತಮ್ಮ."

ಓದಲು ಬಾರದ ಆ ಹೆಂಗಸರು ಒಬ್ಬರಾದ ಮೇಲೊಬ್ಬರು ನನ್ನ ಹೆಸರನ್ನು ಮುಟ್ಟಿ ನೋಡಿದರು. "ಅಯ್ಯ ಯವ್ವಾ, ಎಷ್ಟ ಛಂದ ಕಾಣ್ತೈತಿ!" ಅಂದರು. ಅಕ್ಕ ಎಲ್ಲರ ಕೈಗೂ ಬೆಲ್ಲದ ತುಂಡು ಕೊಟ್ಟಳು. ನನಗೂ ಕೊಟ್ಟಳು, ತಿಂದೆ. ಥೂ ನನ್ನ ಜನ್ಮಕ್ಕೆ!

ಅವರೆಲ್ಲ ಹೋದ ಮೇಲೆ ಮೆಲ್ಲಗೆ ಕೇಳಿದಳು: "ಮೂಲಿಗೆ ಮಸಿ ಆಗೇತೆಲ್ಲೋ, ಏನದು?"

"ಅಲ್ಲಿ ಕಲ್ಲ ಕೆಟ್ಟಿತ್ತಕ್ಕಾ. ಹೆರೀಬೇಕಾತು."

"ಹನ್ನೆರಡೂ ಕಡೀಗಿ?"

"ಹ್ಞೂಂ."

"ಆತ ಬಿಡು," ಅಂದು ಒಲೆ ಹೊತ್ತಿಸಲು ಒಳಗೆ ಹೋದಳು. ಹೊಂದಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಖರ್ಚಾಗಲಿಲ್ಲ. ಪತ್ರಿಕೆಯನ್ನು ಅವಳು ದೇವರ ಗೂಡಿನ ಪಕ್ಕದಲ್ಲಿ ಇಟ್ಟಳು.

ಶಾಲೆ ಬಿಟ್ಟು ಇಚಲಕರಂಜಿಗೆ ಹೋದೆ. ಚೌಕಳಿ ಕಾಗದದ ಮೇಲೆ ಅಕ್ಕನ ಚಿತ್ರಗಳನ್ನು ಚೌಕಚೌಕವಾಗಿ ತುಂಬುವುದು ನನ್ನ ಕೆಲಸ, ಅದನ್ನು ನೋಡಿ ಮಗ್ಗ ಹೂಡುವುದು ಬೇರೆಯವರ ಕೆಲಸ. ಶೆಡ್ಡಿನ ಗದ್ದಲದಲ್ಲಿ ಮೆಣಸಿನಕಾಯಿಯ ಅಂಚು ಗಜಗಟ್ಟಲೆ ಹೊರಬಂತು. ಪೇಟೆಯಲ್ಲಿ ಹೆಂಗಸರು ಅದನ್ನು ಉಟ್ಟು ಓಡಾಡಿದರು. ಅಕ್ಕನಿಗೆ ಒಂದು ಸೀರೆ ಒಯ್ಯೋಣವೆಂದರೆ ಅವಳು ಬಣ್ಣದ ಅಂಚು ಉಡುವಂತಿಲ್ಲ. ಒಯ್ಯಲು ಧೈರ್ಯ ಎಲ್ಲಿತ್ತು ಅನ್ನುವುದು ಬೇರೆ ಮಾತು. ಆ ಹನ್ನೆರಡನ್ನೇ ಹಿಂದೆ ಮುಂದೆ ಮಾಡಿ ಒಂದೂವರೆ ವರ್ಷ ತಳ್ಳಿದೆ. ಆಮೇಲೆ ಹೊಸದು ಬೇಕು ಅಂದರು ಸಾಹುಕಾರರು. ನಾನೇ ತೆಗೆದು ತೋರಿಸಿದೆ. ಅವರು ಹಾಳೆಯನ್ನು ಅತ್ತಿತ್ತ ತಿರುಗಿಸಿ ನೋಡಿದರು.

"ಇದ ನಿನ್ನ ಕೈ ಕಾಣಂಗಿಲ್ಲಲ್ಲೋ ತಮ್ಮಾ. ಆರಾಮ ಇಲ್ಲೇನು?"

ಇನ್ನೇನು ಮಾಡಲಿ? ಗಡಹಿಂಗ್ಲಜಕ್ಕೆ ಹೋಗಿ ಅಕ್ಕನ ಮುಂದೆ ಕೂತೆ. ಸೀರೆಯ ಅಂಚಿಗೆ ಹೊಸ ಚಿತ್ರ ಬೇಕು, ಇಲ್ಲದಿದ್ದರೆ ನೌಕರಿ ಹೋಗುತ್ತದೆ, ಒಂದು ಐದಾರು ತೆಗೆದು ಕೊಡು ಅಂದೆ. ಬೈಯುತ್ತಾಳೆ, ಬೈದರೆ ಕಾಲಿಗೆ ಬೀಳೋಣ, ಎಲ್ಲವನ್ನೂ ಹೇಳಿ ಹಗುರಾಗೋಣ ಅಂತ ಕಾಯುತ್ತಿದ್ದೆ. ಅವಳು ಬೈಯಲಿಲ್ಲ. "ಉಂಡ ಮಕ್ಕೋ," ಅಂದಳು. ಮರುದಿನ ಮಧ್ಯಾಹ್ನದ ಹೊತ್ತಿಗೆ ಆರು ಹಾಳೆ ತಂದು ಕೈಯಲ್ಲಿಟ್ಟಳು.

ಹಿಂದಿನವುಗಳಿಗಿಂತ ಚೆನ್ನಾಗಿದ್ದವು. ಆದರೆ ಗೆರೆ ಹಾಳೆಯ ತುದಿಯವರೆಗೂ ಹೋಗಿತ್ತು. ನಾಲ್ಕು ಮೂಲೆಗೂ ಎಲೆ, ಕಾಯಿ, ಸುರುಳಿ ಒತ್ತೊತ್ತಾಗಿ ತುಂಬಿದ್ದವು. ಒಂದು ಅಕ್ಷರ ಬರೆಯುವಷ್ಟು ಬಿಳಿ ಜಾಗವೂ ಎಲ್ಲಿಯೂ ಉಳಿದಿರಲಿಲ್ಲ. ನಾನು ಮೂಲೆಗಳನ್ನು ನೋಡುತ್ತಿರುವುದು ಅವಳಿಗೆ ಗೊತ್ತಾಯಿತು.

"ಎಲ್ಲಾ ತುಂಬೇನಿ," ಅಂದಳು. ದನಿಯಲ್ಲಿ ಕೊಂಕಿರಲಿಲ್ಲ, ಊಟಕ್ಕೆ ಕರೆಯುವಾಗಿನ ದನಿಯೇ ಇತ್ತು. "ಇನ್ನ ಹೆರಿಯೂ ತ್ರಾಸ ಇಲ್ಲ ನೋಡ ನಿನಗ."

ಹಾಳೆಗಳನ್ನು ಸುರುಳಿ ಸುತ್ತಿ ದಾರ ಕಟ್ಟಿದೆ. ಮೂರು ಗಂಟೆಯ ಮೋಟಾರಿಗೆ ಇಚಲಕರಂಜಿಗೆ ಹೊರಟೆ.