ವೈಂಡಿಂಗ್ ಮಲ್ಲಣ್ಣನ ಮೂಗು

ಕಲಬುರಗಿಯ ಜಗತ್ ಸರ್ಕಲ್ಲಿನ ಹಿಂದಿನ ಓಣಿಯಲ್ಲಿ ಯಾರನ್ನು ಕೇಳಿದರೂ ವೈಂಡಿಂಗ್ ಮಲ್ಲಣ್ಣನ ಅಂಗಡಿ ತೋರಿಸುತ್ತಾರೆ. ಸುಟ್ಟ ಮೋಟರಿನ ಹಳೆ ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವುದು ಅವನ ಕಸುಬು. ಆದರೆ ಅವನಿಗೆ ಹೆಸರು ಬಂದದ್ದು ಕೈಯಿಂದಲ್ಲ, ಮೂಗಿನಿಂದ. ಬೋರಿನ ಮೋಟರಿರಲಿ, ಹಿಟ್ಟಿನ ಗಿರಣಿಯದಿರಲಿ, ಮೀಟರು ಹಚ್ಚುವ ಮೊದಲು ಬಾಗಿ ಒಮ್ಮೆ ಮೂಸುತ್ತಿದ್ದ. "ಸುಟ್ಟದ" ಅಂದನೋ, ಸುಟ್ಟೇ ಇರುತ್ತಿತ್ತು. "ಏನೂ ಆಗಿಲ್ಲ, ಮನ್ಯಾಗ ಸ್ವಿಚ್ ನೋಡು ಹೋಗು" ಅಂದನೋ, ಕೆಟ್ಟದ್ದು ಸ್ವಿಚ್ಚೇ. ಮೂವತ್ತು ವರ್ಷ ಹೀಗೇ ನಡೆಯಿತು. ಮೀಟರು ಸುಳ್ಳು ಹೇಳಬಹುದು, ಮಲ್ಲಣ್ಣನ ಮೂಗು ಹೇಳುವುದಿಲ್ಲ ಎಂದು ಗಿರಾಕಿಗಳೇ ಮಾತಾಡಿಕೊಳ್ಳುತ್ತಿದ್ದರು. ಹೊಗಳಿಕೆ ಯಾರಿಗೆ ಬೇಡ? ಅವನಿಗೂ ಅದು ತಲೆಗೇರಿತ್ತು.

ಆ ಮೂಗು ಕರೋನಾದ ಎರಡನೆಯ ಸುತ್ತಿನಲ್ಲಿ ಹೋಯಿತು. ಜ್ವರ ಇಳಿಯಿತು, ಕೆಮ್ಮು ನಿಂತಿತು, ವಾಸನೆ ಮಾತ್ರ ಹೋದದ್ದು ಹೋಯಿತು. ಒಂದು ದಿನ ಒಲೆಯ ಮೇಲೆ ಹಾಲು ಸೀದು ಪಾತ್ರೆ ಕರಿಯಾಗುತ್ತಿದ್ದರೂ ಪಕ್ಕದಲ್ಲೇ ಕೂತು ಆರಾಮಾಗಿ ಪೇಪರು ಓದುತ್ತಿದ್ದವನನ್ನು ಕಂಡು ಹೆಂಡತಿ ಸೂಗಮ್ಮನಿಗೆ ವಿಷಯ ತಿಳಿಯಿತು.

"ಡಾಕ್ಟರಿಗರ ತೋರಸ್ರಿ," ಅಂದಳು.

"ಯಾರ ಮುಂದೂ ಬಾಯಿ ಬಿಡಬ್ಯಾಡ," ಅಂದ ಇವನು. ಅಲ್ಲಿಗೆ ಆ ಮಾತು ಮುಗಿಯಿತು.

ಅಂಗಡಿಯಲ್ಲಿ ಮೂಸುವುದನ್ನು ಬಿಡಲಿಲ್ಲ. ಬಿಟ್ಟರೆ ಜನ ಯಾಕೆಂದು ಕೇಳುತ್ತಾರಲ್ಲ! ಗಿರಾಕಿಯ ಎದುರು ಬಾಗಿ ಮೂಸಿದ ಹಾಗೆ ಮಾಡುವುದು, "ತಡಿ" ಎಂದು ಮೋಟರನ್ನು ಒಳಗೊಯ್ದು ಗುಟ್ಟಾಗಿ ಮೀಟರು ಹಚ್ಚುವುದು, ಹೊರಗೆ ಬಂದು ಮೂಗೇ ಹೇಳಿತೆಂಬಂತೆ ತೀರ್ಪು ಕೊಡುವುದು. ನಾಲ್ಕು ವರ್ಷ ಈ ನಾಟಕ ಚೆನ್ನಾಗಿಯೇ ನಡೆಯಿತು. ಯಾರಿಗೂ ಅನುಮಾನ ಬರಲಿಲ್ಲ, ಯಾರಿಗೂ ನಷ್ಟವಾಗಲಿಲ್ಲ. ಕೊನೆಗೆ ನಷ್ಟವಾದದ್ದು ದತ್ತಪ್ಪನಿಗೆ.

ದತ್ತಪ್ಪ ಮಲ್ಲಣ್ಣನ ಊರಾದ ಕಮಲಾಪುರದವನು, ಒಂದೇ ಬೆಂಚಿನಲ್ಲಿ ಕೂತು ಓದಿದವನು. ಪೋಲಿಯೊ ಬಂದು ಎಳವೆಯಲ್ಲೇ ಎಡಗಾಲು ಬತ್ತಿತ್ತು. ಮಲ್ಲಣ್ಣನ ಅವ್ವ ಅವನಿಗೆ ಅಂಗಳದಲ್ಲೇ ನೀರು ಕೊಡುತ್ತಿದ್ದಳು, ಒಳಗೆ ಕರೆಯುತ್ತಿರಲಿಲ್ಲ. ಆ ಕಾಲಿನವನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಳ್ಳ ದಾಟಿಸುತ್ತಿದ್ದವನು ಮಾತ್ರ ಮಲ್ಲಣ್ಣನೇ. ದತ್ತಪ್ಪ ಈಗ ಊರಿನ ಒಂದು ಖಾಸಗಿ ಶಾಲೆಯಲ್ಲಿ ಜವಾನ. ಗೇಟು ತೆಗೆಯುವುದು, ಗಂಟೆ ಹೊಡೆಯುವುದು. ಮನೆಯಿಂದ ಶಾಲೆಗೆ ಮೂರು ಕಿಲೋಮೀಟರು, ನಡುವೆ ಒಂದು ದಿಬ್ಬ. ಇಪ್ಪತ್ತು ವರ್ಷ ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲಿನಲ್ಲಿ ಹೋಗಿಬಂದು ಅವನ ಬಲಭುಜ ಸವೆದುಹೋಗಿತ್ತು. ಇನ್ನು ಕೈಯಿಂದ ತಿರುಗಿಸಬೇಡ ಎಂದು ಡಾಕ್ಟರು ಹೇಳಿದ ಮೇಲೆ ಮಲ್ಲಣ್ಣನೇ ಮುಂದೆ ನಿಂತು ಆ ಸೈಕಲ್ಲಿಗೆ ಬ್ಯಾಟರಿ ಕಿಟ್ ಕೂರಿಸಿಕೊಟ್ಟ. ಗಾಲಿಯ ನಡುವೆಯೇ ಮೋಟರು, ಸೀಟಿನ ಕೆಳಗೆ ಬ್ಯಾಟರಿ, ಹ್ಯಾಂಡಲ್ಲಿಗೆ ರೇಸ್. ಬ್ರೇಕಿನ ಹಿಡಿಕೆಯೊಳಗೆ ಒಂದು ಸಣ್ಣ ಸ್ವಿಚ್ಚು. ಬ್ರೇಕು ಕೂದಲೆಳೆಯಷ್ಟು ಒತ್ತಿದರೂ ಸಾಕು, ಅದು ಮೋಟರಿಗೆ ಕರೆಂಟು ಕಡಿಯುತ್ತದೆ. ಇದನ್ನೆಲ್ಲ ಮಲ್ಲಣ್ಣ ತಾನೇ ದತ್ತಪ್ಪನಿಗೆ ವಿವರಿಸಿ ಹೇಳಿದ್ದ.

ಮಹಾನವಮಿಯ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಮಲ್ಲಣ್ಣನ ಅಂಗಡಿಯದೊಂದು ಪದ್ಧತಿ. ತಾನು ದುರಸ್ತಿ ಮಾಡಿದ ಯಂತ್ರ, ಗಾಡಿಗಳಿಗೆಲ್ಲ ತನ್ನ ಕೈಯಾರೆ ಅರಿಶಿನದ ದಾರ ಕಟ್ಟಬೇಕು. ಕಿಟ್ ಕೂರಿಸಿದ ವರ್ಷ ದಾರದ ಉಂಡೆ ಹಿಡಿದುಕೊಂಡು ಕಮಲಾಪುರಕ್ಕೂ ಹೋದ. ಹ್ಯಾಂಡಲ್ಲಿಗೆ ಐದು ಸುತ್ತು ಸುತ್ತಿ, ನಿಂಬೆಹಣ್ಣು ಸಿಕ್ಕಿಸಿ, ಬ್ರೇಕಿನ ಹಿಡಿಕೆಯನ್ನೂ ಸೇರಿಸಿ ಗಂಟು ಹಾಕಿದ.

"ನಮ್ಮ ಮನ್ಯಾಗ ಬಾಬಾಸಾಹೇಬರ ಫೋಟೋ ಬಿಟ್ರ ಬ್ಯಾರೆ ಪೂಜಿ ಇಲ್ಲ ಅಂತ ನಿನಗ ಗೊತ್ತದಲ್ಲೋ ಮಲ್ಲ್ಯಾ," ಎಂದು ದತ್ತಪ್ಪ ನಕ್ಕ.

"ಇದು ದೇವ್ರಿಗಲ್ಲೋ, ಮೋಟರಿಗೆ."

"ಇರ್ಲಿ ಬಿಡು. ನೀ ಕಟ್ಟಿದ್ದು ನಾ ಬಿಚ್ಚಂಗಿಲ್ಲ."

ಅವನು ಬಿಚ್ಚಲೂ ಇಲ್ಲ. ನಿಂಬೆಹಣ್ಣು ಒಣಗಿ ಉದುರಿತು, ದಾರ ಉಳಿಯಿತು. ದಸರಾ ಸೂಟಿಯಲ್ಲಿ ಮೂರು ದಿನ ಬಿಡದೆ ಮಳೆ ಹೊಡೆಯಿತು. ಮಳೆ ನಿಂತ ಮೇಲೆ ದತ್ತಪ್ಪ ಸೈಕಲ್ಲಿನ ಮೇಲೆ ಕೂತು ಕೀಲಿ ತಿರುವಿದ. ದೀಪ ಹತ್ತಿತು. ರೇಸ್ ಕೊಟ್ಟರೆ ಗಾಲಿ ಮಿಸುಕಲಿಲ್ಲ.

ಸೋಮವಾರ ಶಾಲೆ ತೆರೆಯುವುದಿತ್ತು. ಭುಜದ ನೋವಿನಿಂದ ಹಿಂದೆ ಹಲವು ಸಲ ತಡವಾಗಿ ಹೋಗಿದ್ದವನಿಗೆ, ಸೂಟಿಯ ನಂತರ ಗೇಟು ತಡವಾದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಎಂದು ಸಂಸ್ಥೆಯ ಸೆಕ್ರೆಟರಿ ಖಡಾಖಂಡಿತ ಹೇಳಿಬಿಟ್ಟಿದ್ದರು. ಹಾಗಾಗಿ ಶನಿವಾರವೇ ದತ್ತಪ್ಪ ಸೈಕಲ್ಲನ್ನು ಒಂದು ಟಂಟಂ ಆಟೋದಲ್ಲಿ ಹೇರಿಕೊಂಡು ಕಲಬುರಗಿಗೆ ಬಂದ.

"ಸೋಮವಾರದೊಳಗ ಆಗಬೇಕು ನೋಡೋ. ಇಲ್ಲಂದ್ರ ನನ್ನ ನೌಕರಿ ಹೋಯ್ತು ಅಂತ ತಿಳ್ಕೊ."

"ಸಂಜಿತನಕ ಕೂಡು. ಹತ್ತಿಕೊಂಡು ಹೋಗೀಯಂತ," ಅಂದ ಮಲ್ಲಣ್ಣ.

ಮೀಟರು ಹಚ್ಚಿದ, ಬ್ಯಾಟರಿ ತುಂಬಿತ್ತು. ಗಾಲಿಯನ್ನು ಕೈಯಿಂದ ತಿರುಗಿಸಿದ, ಸರಾಗವಾಗಿ ತಿರುಗಿತು. ಸುಟ್ಟ ಮೋಟರಾದರೆ ಗಾಲಿ ಕೈಗೆ ಬಿಗಿಯುತ್ತದೆ, ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಅಲ್ಲಿಗೇ ನಿಂತು ವೈರುಗಳನ್ನು ಒಂದೊಂದಾಗಿ ನೋಡಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ಹೊತ್ತಿಗೆ ತನ್ನ ಪಂಪಿಗಾಗಿ ಕಾಯುತ್ತ ಕೂತಿದ್ದ ಭೀಮಶಾ ಎಂಬ ಹಳೆ ಗಿರಾಕಿ, "ಮೀಟರ್ ಯಾಕ್ರೀ ಮಲ್ಲಣ್ಣಾ, ಮೂಸಿ ಹೇಳ್ರಿ. ನಿಮ್ಮ ಮೂಗಿನ ಮುಂದ ಮೀಟರ್ ಯಾವ ಲೆಕ್ಕ?" ಅಂದ.

ಹೊಗಳಿದವನ ಎದುರು ಹಿಂದೆ ಸರಿಯುವುದುಂಟೆ? ಗಾಲಿಗೆ ಜೋಡಿಸಿದ ಮೋಟರು, ಒಳಗೊಯ್ದು ಗುಟ್ಟಾಗಿ ನೋಡುವ ಹಾಗೂ ಇರಲಿಲ್ಲ. ಮಲ್ಲಣ್ಣ ಮೊಣಕಾಲೂರಿ ಕೂತು ಮೂಗು ಹಚ್ಚಿದ, ಕಣ್ಣು ಮುಚ್ಚಿದ. ಏನೂ ಇಲ್ಲ. ನಾಲ್ಕು ವರ್ಷದಿಂದ ಇದ್ದ ಅದೇ ಖಾಲಿ. ಬ್ಯಾಟರಿ ಸರಿಯಿದೆ, ಹಾಗಾದರೆ ಮೋಟರೇ ಇರಬೇಕು ಎಂದು ಊಹಿಸಿದ.

"ಸುಟ್ಟದ," ಅಂದ.

ದತ್ತಪ್ಪ ಸ್ಟೂಲಿನಿಂದ ಬಾಗಿ ತಾನೂ ಮೂಸಿದ. "ನನಗೇನೂ ವಾಸನಿ ಬರವಲ್ದಲ್ಲೋ."

"ಮೂವತ್ತು ವರ್ಷ ಮೂಸಿದಾಂವ ನಾನೋ ನೀನೋ? ಗಂಟಿ ಹೊಡ್ಯೋದು ನಿನ್ನ ಕೆಲಸ, ಇದು ನನ್ನ ಕೆಲಸ."

ಭೀಮಶಾ ನಕ್ಕ. ದತ್ತಪ್ಪ ಹಿಂದಕ್ಕೆ ಸರಿದು ಕೂತ. ಗೆಳೆಯನ ಮಾತನ್ನು ನಂಬಿದ, ನಂಬದೆ ಇನ್ನೇನು ಮಾಡುತ್ತಾನೆ?

ಮಲ್ಲಣ್ಣ ಗಾಲಿ ಕಳಚಿ ಮೋಟರು ಬಿಚ್ಚಿದ. ಪಂಪಿನ ಮೋಟರು ಬಿಚ್ಚಿದ ಕೈ, ಹಳೆ ರೂಢಿಯಂತೆ ಸ್ಕ್ರೂಡ್ರೈವರು ತುರುಕಿ ಜಗ್ಗಿತು. ಒಳಗೆ ಟಕ್ಕೆಂದಿತು. ತೆರೆದು ನೋಡಿದರೆ ತಾಮ್ರದ ತಂತಿ ಹೊಸ ಕೊಡದಂತೆ ಹೊಳೆಯುತ್ತಿತ್ತು, ಎಲ್ಲೂ ಒಂದು ಕಪ್ಪು ಚುಕ್ಕೆಯಿಲ್ಲ. ಅದರ ಪಕ್ಕದ ತೆಳ್ಳನೆಯ ಪಟ್ಟಿ ಮಾತ್ರ ಎರಡು ತುಂಡಾಗಿತ್ತು, ಗಾಲಿ ಎಲ್ಲಿಗೆ ಬಂತೆಂದು ಮೋಟರಿಗೆ ತಿಳಿಸುವ ಸೂಕ್ಷ್ಮ ಭಾಗ ಅದು. ಈಗ ಮೋಟರು ನಿಜಕ್ಕೂ ಕೆಟ್ಟಿತು. ಮಲ್ಲಣ್ಣ ಬೆನ್ನು ತಿರುಗಿಸಿ ಕೂತು ಮುಚ್ಚಳ ಹಾಕಿಬಿಟ್ಟ, ದತ್ತಪ್ಪನಿಗೆ ಒಳಗಿನದು ಕಾಣಿಸಲಿಲ್ಲ.

ಕಿಟ್ ಮಾರುವ ಖಮರುದ್ದೀನ್‌ಗೆ ಫೋನು ಹಚ್ಚಿದ. ಅವನು ಮೊದಲು ಕೇಳಿದ್ದೇ, "ಬ್ರೇಕಿನ ವೈರ್ ಬಿಚ್ಚಿ ನೋಡಿದ್ರೇನ್ರೀ ಮಲ್ಲಣ್ಣಾ? ನೂರಕ್ಕ ಎಂಬತ್ತು ಗಾಡ್ಯಾಗ ಅದಽ ಇರ್ತದ."

"ನೋಡೀನಿ," ಅಂದ ಮಲ್ಲಣ್ಣ. ನೋಡಿರಲಿಲ್ಲ. "ಮೋಟರಽ ಸುಟ್ಟದ. ಹೊಸದು ತರಸು."

ಹೊಸದು ಹೈದರಾಬಾದಿನಿಂದ ಬರಬೇಕು, ಹನ್ನೆರಡು ದಿನ. ದತ್ತಪ್ಪ ಬರಿಗೈಯಲ್ಲಿ ಬಸ್ಸು ಹತ್ತಿದ. ಪಕ್ಕದ ಮನೆಯ ದಿಲೀಪ ತನ್ನ ಬೈಕಿನಲ್ಲಿ ನಾಲ್ಕು ದಿನ ಶಾಲೆಗೆ ಬಿಟ್ಟ. ಐದನೆಯ ದಿನ ಅವನಿಗೂ ಅವನ ಕೆಲಸ ಬಂತು. ಆ ಕಡೆ ಬರುವ ಮೊದಲ ಆಟೋ ಹತ್ತು ಗಂಟೆಗೆ, ಗೇಟು ತೆಗೆಯುವುದು ಎಂಟಕ್ಕೆ. ದಿನಾ ಸಂಜೆ ದತ್ತಪ್ಪನ ಫೋನು ಬರುತ್ತಿತ್ತು. "ಬಂತೇನೋ?" ಒಂಬತ್ತನೆಯ ಸಂಜೆಯ ನಂತರ ಫೋನು ಬರಲಿಲ್ಲ. ಯಾಕೆಂದು ಮಲ್ಲಣ್ಣ ಕೇಳಲೂ ಇಲ್ಲ. ಕೇಳಲು ಧೈರ್ಯ ಬೇಕಲ್ಲ.

ಹೊಸ ಮೋಟರು ಬಂತು. ಕೂರಿಸಿ, ಕೀಲಿ ತಿರುವಿ, ರೇಸ್ ಕೊಟ್ಟ. ದೀಪ ಹತ್ತಿತು. ಗಾಲಿ ಮಿಸುಕಲಿಲ್ಲ.

ಅಂಗಡಿಯಲ್ಲಿ ಯಾರೂ ಇರಲಿಲ್ಲ. ಮಲ್ಲಣ್ಣ ಖಮರುದ್ದೀನ್ ಕೇಳಿದ್ದು ನೆನೆದು ಬ್ರೇಕಿನ ಕಡೆ ನೋಡಿದ. ಹಳದಿ ದಾರ ಮಳೆಗೆ ನೆನೆದು, ಒಣಗಿ, ಕುಗ್ಗಿ, ಬ್ರೇಕಿನ ಹಿಡಿಕೆಯನ್ನು ಒಂದು ಎಳ್ಳುಕಾಳಿನಷ್ಟು ಒಳಗೆ ಜಗ್ಗಿಕೊಂಡಿತ್ತು. ಬ್ಲೇಡಿನಿಂದ ಕೊಯ್ದ. ಹಿಡಿಕೆ ಟಿಕ್ಕೆಂದು ಹಿಂದೆ ಸರಿಯಿತು, ಗಾಲಿ ಗಿರ್ರನೆ ತಿರುಗಿತು. ಕಟ್ಟಿದವನೂ ತಾನೇ, ಸುಟ್ಟಿದೆ ಅಂದವನೂ ತಾನೇ, ಮುರಿದವನೂ ತಾನೇ. ಅವನಿಗೆ ತನ್ನ ಮೇಲೇ ಹೇಸಿಕೆ ಬಂತು. ದಾರವನ್ನು ಕಿಸೆಗೆ ಹಾಕಿಕೊಂಡ.

ಮರುದಿನ ಸೈಕಲ್ಲು ಹೇರಿಕೊಂಡು ಹುಮನಾಬಾದ ರಸ್ತೆ ಹಿಡಿದು ಕಮಲಾಪುರಕ್ಕೆ ಹೊರಟಾಗ, ಎಲ್ಲ ಹೇಳಿಬಿಡಬೇಕು ಎಂದೇ ಹೊರಟಿದ್ದ. ದತ್ತಪ್ಪ ಕಟ್ಟೆಯ ಮೇಲೆ ಕೂತಿದ್ದ. ಆ ಹೊತ್ತಿನಲ್ಲಿ ಅವನು ಶಾಲೆಯಲ್ಲಿರಬೇಕಿತ್ತು.

"ಬ್ಯಾರೆಯವರ್ನ ಇಟ್ಕೊಂಡ್ರು," ಅಂದ. "ಅವರದೇನು ತಪ್ಪು? ಗೇಟು ತಗೀಬೇಕಲ್ಲ. ನಿನ್ನ ಮ್ಯಾಲೂ ಏನಿಲ್ಲೋ, ಮೋಟರು ಸುಟ್ರ ನೀ ಏನ್ ಮಾಡ್ತಿ? ನೀ ಇದ್ದಿ ಅಂತ ಇಷ್ಟರ ಆತು."

ಹೇಳಬೇಕೆಂದುಕೊಂಡದ್ದನ್ನು ಮಲ್ಲಣ್ಣ ಹೇಳಲಿಲ್ಲ. ಬೈದಿದ್ದರೆ ಹೇಳುತ್ತಿದ್ದನೇನೋ. ಉಪಕಾರ ನೆನೆಯುವವನ ಎದುರು ಹ್ಯಾಗೆ ಹೇಳುವುದು? ಮಾತು ಬೇರೆ ಕಡೆ ತಿರುಗಿಸಲು ಸುತ್ತ ನೋಡಿದ. ಮಗ್ಗುಲಲ್ಲೇ ಗೋಣಿಚೀಲ ಮುಚ್ಚಿದ ಬಾಳೆಹಣ್ಣಿನ ಬುಟ್ಟಿಯಿತ್ತು, ಊರಿನ ಕೆಂಪು ಬಾಳೆ. ಚೀಲದ ಮೂಲೆ ಎತ್ತಿ, ಬಾಗಿ, ತನ್ನ ರೂಢಿಯಂತೆ ಕಣ್ಣು ಮುಚ್ಚಿ ಮೂಸಿದ.

"ಆಹಾ, ಹಣ್ಣಾಗ್ಯಾವ ನೋಡು. ಈ ಘಮ ಪ್ಯಾಟ್ಯಾಗ ಎಲ್ಲಿ ಸಿಗ್ತದ!"

ಚಹಾ ತಂದ ದತ್ತಪ್ಪನ ಹೆಂಡತಿ ಶೇವಂತಾ ಹೊಸ್ತಿಲಲ್ಲೇ ನಿಂತಳು. ಸೆರಗು ಮೂಗಿಗೆ ಅಡ್ಡ ಹಿಡಿದಿದ್ದಳು.

"ಅಣ್ಣಾರ, ಅದ್ರಾಗ ಇಲಿ ಸತ್ತದ್ರೀ. ಮುಂಜಾನಿಂದ ನಾತ ತಡೀಲಾರ್ದಕ್ಕ ಹೊರಗ ಇಟ್ಟೀನಿ, ಚೆಲ್ಲಿ ಬರಬೇಕು."

ಯಾರೂ ನಗಲಿಲ್ಲ. ದತ್ತಪ್ಪ ಗೆಳೆಯನ ಮುಖವನ್ನೇ ನೋಡಿದ. ಗಾಲಿಗೆ ಬಾಗಿ ತಾನೂ ಮೂಸಿದ್ದ ಆ ಶನಿವಾರ ಅವನಿಗೆ ನೆನಪಾಗಿತ್ತು.

"ಎಂದಿನಿಂದೋ?"

"ಕರೋನಾ ಬಂದಾಗಿಂದ."

"ಹಂಗಾದ್ರ ಮೋಟರು?"

ಮಲ್ಲಣ್ಣ ಕಿಸೆಯಿಂದ ಹಳದಿ ದಾರ ತೆಗೆದು ಕಟ್ಟೆಯ ಮೇಲಿಟ್ಟ. "ಸುಟ್ಟಿದ್ದಿಲ್ಲ. ಈ ದಾರ ಬ್ರೇಕು ಹಿಡದಿತ್ತು. ಮೋಟರು ನಾನಽ ಮುರದೆ," ಅಂದ. ಅಷ್ಟು ಹೇಳಲು ಅವನಿಗೆ ಹದಿಮೂರು ದಿನ ಹಿಡಿದಿತ್ತು.

ದತ್ತಪ್ಪ ದಾರವನ್ನು ಬೆರಳಲ್ಲಿ ಹಿಡಿದು ನೋಡಿದ. ಅವನು ಕೂಗಾಡಲಿಲ್ಲ.

"ನನ್ನ ಕಾಲು ಹೋದದ್ದು ಊರಿಗೆಲ್ಲ ಗೊತ್ತದ," ಅಂದ. "ಸಾಲ್ಯಾಗ ಎಲ್ಲಾರೂ ಕುಂಟ ಅಂದ್ರು, ಅನ್ನಿಸ್ಕೊಂಡೆ. ನಿನ್ನ ಮೂಗು ಹೋದದ್ದು ನನಗೊಬ್ಬಗ ಹೇಳಾಕ ಆಗಲಿಲ್ಲ?"

ಶೇವಂತಾ ಚಹಾದ ಬಟ್ಟಲು ಮಲ್ಲಣ್ಣನ ಪಕ್ಕದಲ್ಲಿಟ್ಟು, ಬುಟ್ಟಿ ಎತ್ತಿಕೊಂಡು ತಿಪ್ಪೆಯ ಕಡೆ ಹೋದಳು. ದತ್ತಪ್ಪ ತೆವಳಿಕೊಂಡು ಸೈಕಲ್ಲು ಹತ್ತಿದ, ಕೀಲಿ ತಿರುವಿದ. ಗಾಲಿ ಸಪ್ಪಳವಿಲ್ಲದೆ ಅಂಗಳದಲ್ಲಿ ಒಂದು ಸುತ್ತು ಬಂತು.

"ಚಹಾ ಕುಡದು ಹೋಗು," ಅಂದ. "ಇನ್ನ ಮ್ಯಾಲ ಇದು ಕೆಟ್ರ ನಾ ಬ್ಯಾರೆ ಕಡೆ ತೋರಸ್ತೀನಿ."