ಅವ್ವ ಒತ್ತುತ್ತಿದ್ದ ಪೆಟ್ಟಿಗೆ

ಕೋಣೆಗೊಂದು ಟಚ್ ಸ್ಕ್ರೀನ್ ಹಾಕಿಸಿದ್ದು ನನ್ನ ತಮ್ಮ. ಮನೆಯಲ್ಲಿ ಎಲ್ಲರೂ ಅದನ್ನು ಪ್ಯಾನೆಲ್ ಅನ್ನುತ್ತಾರೆ. ಒಂದು ಪುಸ್ತಕದಷ್ಟು ಅಗಲ. ಹಿಂದೆ ಸ್ವಿಚ್ ಬೋರ್ಡ್ ಇದ್ದ ಜಾಗದಲ್ಲಿ ಗೋಡೆಯೊಳಗೆ ಕೂತಿದೆ. ಒಂದು ಕೋಣೆಯಲ್ಲಿ ನಿಂತು ಇನ್ನೊಂದು ಕೋಣೆಯ ದೀಪ ಆರಿಸಬಹುದು, ಗೀಸರ್ ಹಾಕಬಹುದು, ಹಾಲ್‌ನ ಕರ್ಟನ್ ಸರಿಸಬಹುದು, ಅಲ್ಲಿರುವವರನ್ನು ಕರೆದು ಮಾತಾಡಬಹುದು. ಈ ಕೊನೆಯ ಅನುಕೂಲಕ್ಕಾಗಿಯೇ ತಮ್ಮ ಹಾಕಿಸಿದ್ದು ಎಂದು ನನ್ನ ನೆನಪು. ಅವನ ಸ್ನೇಹಿತನ ಮನೆಯಲ್ಲಿ ಹಾಕಿಸಿದರು, ಅದಕ್ಕೇ ಇವರೂ ಹಾಕಿಸಿದರು ಎಂದು ಅವನ ಹೆಂಡತಿ ಹೇಳುತ್ತಾಳೆ. ಎರಡೂ ನಿಜವಿರಬಹುದು.

ಬಿಳೇಕಹಳ್ಳಿಯಲ್ಲಿ ನಮ್ಮದು ಹಳೇ ಊರಿನೊಳಗಿನ ಜಾಗ. ಮೊದಲಿನ ಹೆಂಚಿನ ಮನೆಯಲ್ಲಿ ಅವ್ವ ಒಲೆ ಮುಂದೆ ಕೂತು ಒಂದು ಕೂಗು ಹಾಕಿದರೆ ಹಿತ್ತಲಲ್ಲಿದ್ದ ಅಪ್ಪನಿಗೂ ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ನನಗೂ ಒಟ್ಟಿಗೆ ಕೇಳುತ್ತಿತ್ತು. ಈಗ ಅಲ್ಲಿ ನಾಲ್ಕು ಮಹಡಿ ಎದ್ದಿದೆ. ಕೆಳಗಿನ ಎರಡರಲ್ಲಿ ಬಾಡಿಗೆಯವರು, ಮೇಲಿನ ಎರಡರಲ್ಲಿ ನಾವು. ಅವ್ವನ ಕೋಣೆ ಅಡುಗೆಮನೆಯ ಪಕ್ಕ, ನನ್ನದು ಅದರ ಮೇಲಿನ ಮಹಡಿಯಲ್ಲಿ. ಆ ಕೂಗು ಈಗ ಮೆಟ್ಟಿಲು ಹತ್ತುವುದಿಲ್ಲ.

'ನಾವು' ಎಂದು ಬರೆದೆ. ಹೋದ ವರ್ಷವಾಗಿದ್ದರೆ 'ತಮ್ಮನವರು' ಎಂದು ಬರೆಯುತ್ತಿದ್ದೆನೇನೋ. ನಾನು ಮದುವೆಯಾದವಳಲ್ಲ. ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡಿಕೊಂಡು ವಿಲ್ಸನ್ ಗಾರ್ಡನ್‌ನ ಒಂದು ಬಾಡಿಗೆ ಮನೆಯಲ್ಲಿ ಬಹಳ ವರ್ಷ ಇದ್ದೆ. ನಿವೃತ್ತಿಯಾದ ಮೇಲೂ ಅಲ್ಲೇ ಇದ್ದೆ. ಅವ್ವ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ನಾಲ್ಕು ಜೊತೆ ಬಟ್ಟೆ ತೆಗೆದುಕೊಂಡು ಇಲ್ಲಿಗೆ ಬಂದೆ. ಆ ಮನೆಗೆ ಬೀಗ ಹಾಕಿದ್ದೆ, ಬಿಟ್ಟಿರಲಿಲ್ಲ.

ಅವ್ವ ಆಸ್ಪತ್ರೆಯಿಂದ ಬಂದ ಕೆಲವೇ ದಿನಕ್ಕೆ ಪ್ಯಾನೆಲ್‌ಗಳು ಬಂದವು. ಅವ್ವನ ಕೋಣೆಯದನ್ನು ಮಾತ್ರ ಮಂಚದ ಪಕ್ಕದಲ್ಲಿ, ಕೈಗೆಟಕುವಷ್ಟು ಕೆಳಗೆ ಕೂರಿಸಿದರು. ಅವ್ವನಿಗೆ ಓದು ಬರುವುದಿಲ್ಲ. ಪರದೆಯ ಮೇಲೆ ಕೋಣೆಗೊಂದು ಚಿತ್ರವಿತ್ತು. ತಮ್ಮನ ಮಗಳು ಮಂಚದ ಮೇಲೆ ಕೂತು ಪಾಠ ಹೇಳಿಕೊಟ್ಟಳು.

"ಇದು ಸೋಫಾ, ಅಂದ್ರೆ ಹಾಲ್. ಇದು ಒಲೆ, ಅಡ್ಗೆಮನೆ. ಇದು ನನ್ನ ರೂಮು, ಬೆಕ್ಕಿನ ಮುಖ. ಅತ್ತೆ ಬೇಕು ಅಂದ್ರೆ ಈ ಸೂಟ್‌ಕೇಸ್ ಒತ್ತಜ್ಜಿ."

"ಪೆಟ್ಟಿಗೆ ಅನ್ನು. ಪೆಟ್ಟಿಗೆ ಒತ್ತುದ್ರೆ ನಿಮ್ಮತ್ತೆ. ಆಯ್ತು ಬುಡು, ಇದೇನ್ ಬ್ರಮ್ಮವಿದ್ಯೆನಾ?"

ನನಗಿಂತ ಬೇಗ ಅವ್ವನೇ ಕಲಿತಳು. ನೀರು ಬೇಕೆಂದರೆ ಪೆಟ್ಟಿಗೆ, ಬೆನ್ನಿಗೆ ದಿಂಬು ಬೇಕೆಂದರೆ ಪೆಟ್ಟಿಗೆ, ಸುಮ್ಮನೆ ಬೇಸರವಾದರೂ ಪೆಟ್ಟಿಗೆ.

ಆ ಪೆಟ್ಟಿಗೆಯ ಕೆಳಗೆ ಇಂಗ್ಲಿಷಿನಲ್ಲಿ ಗೆಸ್ಟ್ ಎಂದು ಬರೆದಿತ್ತು. ನಾನು ಯಾವ ಕೋಣೆಗೆ ಕರೆ ಮಾಡಿದರೂ ಅಲ್ಲಿ ಒಂದು ಹೆಣ್ಣು ದನಿ, ಗೆಸ್ಟ್ ಕರೆಯುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ಮೊದಮೊದಲು ಗಮನ ಕೊಡಲಿಲ್ಲ. ಆಮೇಲೆ ಅದೇ ಕಣ್ಣಿಗೆ ಬೀಳತೊಡಗಿತು. ಕಾಫಿ ಕುಡಿದ ಲೋಟವನ್ನು ನಾನೇ ತೊಳೆದಿಡುತ್ತಿದ್ದೆ, ಟಿವಿಯ ರಿಮೋಟ್ ಮುಟ್ಟುತ್ತಿರಲಿಲ್ಲ. ಮೊದಲಿನಿಂದಲೂ ಹಾಗೇ ಇದ್ದೆನೋ, ಆ ಪದ ಓದಿದ ಮೇಲೆ ಹಾಗಾದೆನೋ, ಹೇಳಲಾರೆ.

ಅಷ್ಟರಲ್ಲಿ ವಿಲ್ಸನ್ ಗಾರ್ಡನ್‌ನಿಂದ ಮನೆಯ ಯಜಮಾನಿ ಫೋನ್ ಮಾಡಿದರು. "ಮೇಡಂ, ಇರ್ತೀರೋ ಬಿಡ್ತೀರೋ ಒಂದು ಹೇಳ್ಬಿಡಿ. ಬೀಗ ಹಾಕಿದ್ ಮನೆ ತಲೆ ಮೇಲಿಟ್ಕೊಂಡು ಇರಕ್ಕಾಗಲ್ಲ ನಂಗೆ. ಜಿರಳೆ ಎಲ್ಲಾ ನಿಮ್ಮನೇಲಿ ಸಂಸಾರ ಹೂಡಿವೆ."

ತಿಂಗಳ ಕೊನೆಗೆ ಹೇಳುತ್ತೇನೆ ಎಂದೆ. ಆ ಮನೆ ಬಿಟ್ಟರೆ ನನಗೆ ಇದೊಂದೇ ಮನೆ. ಇಲ್ಲಿ ಇದ್ದುಬಿಡು ಎಂದು ಯಾರೂ ಹೇಳಿರಲಿಲ್ಲ; ಯಾವಾಗ ಹೋಗುತ್ತೀಯ ಎಂದೂ ಕೇಳಿರಲಿಲ್ಲ. ಅಂಥ ಮಾತು ಬಾಯಿಬಿಟ್ಟು ಆಡುವವರಲ್ಲ ನಾವು. ಬರವಣಿಗೆಯಲ್ಲಿದ್ದ ಸಾಕ್ಷ್ಯ ಒಂದೇ, ಅದು ಎಲ್ಲ ಗೋಡೆಗಳ ಮೇಲೂ ಇತ್ತು.

ಒಂದು ರಾತ್ರಿ ಊಟಕ್ಕೆ ಕೂತಾಗ, ತಮಾಷೆಯ ದನಿ ತಂದುಕೊಂಡು ತಮ್ಮನನ್ನು ಕೇಳಿದೆ. "ನನ್ನ ರೂಮಿಗೆ ಗೆಸ್ಟ್ ಅಂತ ಯಾಕೋ ಹಾಕ್ಸಿದೀಯ?"

ಅವನು ಮುದ್ದೆ ಮುರಿಯುವುದನ್ನು ನಿಲ್ಲಿಸಿದ. "ನಾನೆಲ್ಲಿ ಹಾಕ್ಸಿದೆ? ನೀನೇ ಹೇಳಿದ್ದಲ್ವೇನಕ್ಕ? ಪ್ಯಾನೆಲ್‌ನೋನು ಈ ರೂಮ್ ಯಾರ್ದು ಮೇಡಂ ಅಂದ. ಸದ್ಯಕ್ಕೆ ನಾನಿದೀನಿ ಅಂದೆ ನೀನು. ಅವ್ನು ಹಂಗೇ ಹಾಕ್ಕೊಂಡ."

ನನ್ನ ನೆನಪಿನಲ್ಲಿ ಹಾಗಿಲ್ಲ. ಆ ಹೊತ್ತಿಗೆ ನಾನು ಅವ್ವನಿಗೆ ಮಾತ್ರೆ ಕೊಡುತ್ತಿದ್ದೆ. ತಮ್ಮ ಹಾಲ್‌ನಲ್ಲಿ ನಿಂತು ಒಂದೊಂದೇ ಕೋಣೆಯ ಹೆಸರು ಹೇಳುತ್ತಿದ್ದ. ಆ ದಿನದ ಡೈರಿಯಲ್ಲಿ ಪ್ಯಾನೆಲ್ ಹಾಕಿ ಹೋದರು, ಮನೆಯೆಲ್ಲ ಧೂಳು, ಊಟ ತಡ ಎಂದಷ್ಟೇ ಇದೆ. ಆದರೆ 'ಸದ್ಯಕ್ಕೆ' ಎಂಬುದು ನಾನೇ ಹೆಚ್ಚು ಬಳಸುವ ಮಾತು. ಅದನ್ನು ಅವನು ಹುಟ್ಟಿಸಿ ಹೇಳಿದ ಎನ್ನಲು ನನಗೆ ಧೈರ್ಯವಿಲ್ಲ.

"ಅಯ್ಯೋ, ಅದಕ್ಕೇನಂತೆ, ಈಗ್ಲೇ ಬದಲಾಯಿಸ್ತೀನಿ" ಎಂದು ತಮ್ಮನ ಮಗಳು ಎಡಗೈಯಲ್ಲಿ ಫೋನ್ ಎತ್ತಿಕೊಂಡಳು. "ಏನಂತ ಹಾಕ್ಲಿ?"

ಅಕ್ಕ ಎಂದು ಹಾಕು ಅಂದ ತಮ್ಮ.

"ನಂಗೂ ಅಕ್ಕನಾ? ಆಗಲ್ಲಪ್ಪ. ಹಾಕೋಳು ನಾನು. ಅತ್ತೆ ಅಂತ ಹಾಕ್ತೀನಿ."

"ಹಾಕು ಹಾಕು" ಎಂದಳು ಅವಳ ತಾಯಿ. "ಕೆಳಗೊಬ್ರು ಅತ್ತೆ, ಮೇಲೊಬ್ರು ಅತ್ತೆ, ಮಧ್ಯ ನಾನು ಪುಣ್ಯವಂತೆ."

ಎಲ್ಲರೂ ನಕ್ಕೆವು. ಸೂಟ್‌ಕೇಸ್ ಹೋಗಿ ಅಲ್ಲಿ ಪುಸ್ತಕದ ಚಿತ್ರ ಬಂತು. ನಾನು ಸದಾ ಓದುತ್ತಿರುತ್ತೇನಲ್ಲ ಎಂದು ಹುಡುಗಿ ಯೋಚಿಸಿಯೇ ಹಾಕಿದ್ದಳು. ನನಗೆ ಸಂತೋಷವಾಗಿತ್ತು. ಅವ್ವ ಆಗಲೇ ಊಟ ಮುಗಿಸಿ ಮಲಗಿದ್ದಳು. ಅವಳಿಗೆ ಹೇಳಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮಾರನೆಯ ಮಧ್ಯಾಹ್ನ ಹುಡುಗಿ ಕಾಲೇಜಿನಲ್ಲಿದ್ದಳು, ಅವಳ ತಾಯಿ ಬನಶಂಕರಿ ಮಾರ್ಕೆಟ್ಟಿಗೆ ಹೋಗಿದ್ದಳು, ತಮ್ಮನೂ ಮನೆಯಲ್ಲಿರಲಿಲ್ಲ. ನಾನು ಮೇಲೆ ನನ್ನ ಕೋಣೆಯಲ್ಲಿದ್ದೆ. ಕೆಳಗಿನ ಹಾಲ್‌ನಲ್ಲಿ ಕರ್ಟನ್ ಸರಿಯುವ ಮೋಟಾರಿನ ಸದ್ದಾಯಿತು. ತಮ್ಮನ ಹೆಂಡತಿ ಬಂದಳೆಂದುಕೊಂಡೆ. ಮತ್ತೆ ಸದ್ದು. ಮತ್ತೆ. ಹೊರಗೆ ಬಂದು ಮೆಟ್ಟಿಲ ಮೇಲಿಂದ ಬಗ್ಗಿ ನೋಡಿದರೆ ಹಾಲ್‌ನಲ್ಲಿ ಯಾರೂ ಇಲ್ಲ; ಕರ್ಟನ್ ತಾನೇ ಮುಚ್ಚಿಕೊಂಡು ತಾನೇ ತೆರೆದುಕೊಳ್ಳುತ್ತಿದೆ. ದೇವರಮನೆಯ ದೀಪ ಹತ್ತುತ್ತಿದೆ, ಆರುತ್ತಿದೆ.

ಕೆಳಗೆ ಓಡಿದೆ. ಅವ್ವ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ವಾಕರ್ ಹಿಡಿಯಲು ಹೋಗಿ ಮೆಲ್ಲಗೆ ಜಾರಿದ್ದಳು. ಒಂದು ಕೈ ಇನ್ನೂ ಪ್ಯಾನೆಲ್ ಮೇಲೆಯೇ ಇತ್ತು. ನನ್ನನ್ನು ಕಂಡದ್ದೇ ಬೈಗುಳ ಶುರುವಾಯಿತು.

"ಎಲ್ಲೋಗಿದ್ದೆ? ಸಿಕ್ಕಿದ್ದೆಲ್ಲಾ ಒತ್ತುದೆ, ಪೆಟ್ಟಿಗೆನೇ ಇಲ್ಲ! ತಗಂಡು ಹೊಂಟೋದ್ಲು ಅನ್ಕಂಡೆ."

"ಎಲ್ಲಿಗವ್ವ ಹೋಗ್ಲಿ ನಾನು?"

"ಆ ಬಾಡ್ಗೆ ಮನೆಗೆ. ಇನ್ನೆಲ್ಲಿಗೆ? ನಾನಿನ್ನೂ ಬದ್ಕಿದೀನಿ ಕಣೆ, ಒಂದ್ ಮಾತ್ ಹೇಳಿ ಹೋಗ್ಬಾರ್ದಾ?"

ಬೀಗ ಹಾಕಿಟ್ಟ ಮನೆಯ ವಿಷಯ ಅವ್ವನಿಗೆ ಗೊತ್ತಿಲ್ಲ ಎಂದೇ ತಿಳಿದಿದ್ದೆ. ನಾನು ಹೇಳಿರಲಿಲ್ಲ, ಹೇಳಿದ್ದು ನೆನಪಿಲ್ಲ ಎನ್ನುವುದು ಹೆಚ್ಚು ಸರಿ.

"ಪುಸ್ತಕದ ಚಿತ್ರ ಇತ್ತಲ್ಲವ್ವ, ಅದನ್ನ ಒತ್ತಬಾರದಿತ್ತಾ?"

"ಅದೂ ಮೊಮ್ಮಗಳದೇ, ಬೆಕ್ಕಿನ್ ಜೊತ್ಗೆ ಇನ್ನೊಂದ್ ಮಡೀಕಂಡವ್ಳೆ ಅನ್ಕಂಡೆ. ಓದೋ ಹುಡ್ಗಿ ಅವ್ಳಲ್ವಾ. ಕಾಲೇಜಿಗೋಗವ್ಳೆ, ಒತ್ತಿ ಏನ್ ಬಂತು?" ಆಮೇಲೆ ಉಸಿರು ತೆಗೆದುಕೊಂಡು ಹೇಳಿದಳು, "ಬೆಳಿಗ್ಗೆ ಎದ್ದೇಟ್ಗೆ ದಿನಾ ನೋಡ್ತೀನಿ, ಪೆಟ್ಟಿಗೆ ಐತಾ ಅಂತ. ಐತೆ ಅಂದ್ರೆ ನೀನಿದೀಯ."

ಕೆಳಮನೆಯ ಬಾಡಿಗೆಯವರ ಮಗಳನ್ನು ಕರೆದು, ಇಬ್ಬರೂ ಸೇರಿ ಅವ್ವನನ್ನು ಎತ್ತಿ ಕೂರಿಸಿದೆವು. ಪೆಟ್ಟಾಗಿರಲಿಲ್ಲ. ಡಾಕ್ಟರೂ ಅದನ್ನೇ ಹೇಳಿದರು.

ಸಂಜೆ ಮನೆಯಲ್ಲಿ ಸಣ್ಣ ರಂಪವಾಯಿತು. ತಮ್ಮ ಮಗಳನ್ನು ಬೈದ, ಅವನ ಹೆಂಡತಿ ಅವನನ್ನು ಬೈದಳು. ನನ್ನ ಕೋಣೆಗೆ ಮತ್ತೆ ಸೂಟ್‌ಕೇಸ್ ಬಂತು. ಕೆಳಗೆ 'ಅತ್ತೆ' ಹಾಗೇ ಉಳಿಯಿತು. ಅವ್ವ ಕನ್ನಡಕ ಹಾಕಿಸಿಕೊಂಡು ನೋಡಿ, ಒಂದು ಸಲ ಒತ್ತಿ, ಮೇಲೆ ನಾನು ಓ ಅಂದ ಮೇಲೆ ಮಲಗಿದಳು.

ವಿಲ್ಸನ್ ಗಾರ್ಡನ್‌ಗೆ ಫೋನ್ ಮಾಡಿದ್ದು ಆ ರಾತ್ರಿಯೋ ಮಾರನೆಯ ದಿನವೋ ಖಚಿತವಿಲ್ಲ. ಬಿಡುತ್ತೇನೆ ಎಂದೆ. ಸಾಮಾನು ಯಾವಾಗ ಸಾಗಿಸುತ್ತೀರಿ ಎಂದು ಅವರು ಕೇಳಿದಾಗಲೇ ನನ್ನ ಪುಸ್ತಕದ ಕಪಾಟುಗಳ ಯೋಚನೆ ಬಂದದ್ದು. ತಮ್ಮ ಟೇಪು ಹಿಡಿದು ನನ್ನ ಕೋಣೆಗೆ ಬಂದ. ಕಪಾಟುಗಳು ಹಿಡಿಸುವುದು ಒಂದೇ ಗೋಡೆಗೆ, ಆ ಗೋಡೆಯಲ್ಲೇ ಪ್ಯಾನೆಲ್ ಇತ್ತು.

"ಒಂದು ಕಪಾಟು ಯಾರಿಗಾದ್ರೂ ಕೊಟ್ಟು ಬರ್ತೀನಿ ಬಿಡೋ" ಎಂದೆ.

ಈ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಲೂ ಬಿಡುವವನಲ್ಲ ಅವನು. ಕ್ಯಾಲೆಂಡರನ್ನೂ ಅಂಟಿಸಿಯೇ ನೇತುಹಾಕಬೇಕು. ಬೆರಳಿನಿಂದ ಗೋಡೆ ಕುಟ್ಟಿ ನೋಡಿದ. "ಪ್ಯಾನೆಲ್ ಆ ಬಾಗಿಲ ಕಡೆ ಹಾಕ್ಸಿದ್ರಾಯ್ತು. ವೈರ್ ಎಳೆಯೋಕೆ ಇಲ್ಲಿಂದ ಅಲ್ಲೀತನಕ ಒಡೀಬೇಕು. ಒಡೆಸೋಣ ಬಿಡು. ಬುಧವಾರ ಬಾ ಅನ್ಲಾ ಅವನಿಗೆ?"

"ಬುಧವಾರ ಬೇಡ" ಎಂದೆ. "ಅವತ್ತು ಅವ್ವನಿಗೆ ಫಿಸಿಯೋದವರು ಬರ್ತಾರೆ, ಧೂಳು ಆಗಲ್ಲ. ಗುರುವಾರ ಬರೋಕ್ ಹೇಳು."