ಸೂಜಿಕೈಗೆ ಬೋನಿನ ವಾಸನೆ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಬೋನಕ್ಕ ಎನ್ನುತ್ತಾರೆ. ಇಲಿಗಳ ಬೋನು ತೊಳೆದು, ಮರದ ಹೊಟ್ಟು ಹಾಸಿ, ನೀರಿನ ಬಾಟಲಿ ತುಂಬಿಸುವ ಕೆಲಸ ಹಿಡಿದು ಹದಿನೆಂಟು ವರ್ಷವಾಯಿತು. ಅದೇ ಕಟ್ಟಡದ ಮಹಡಿಯ ಮೇಲೆ ಅವಳ ನಾದಿನಿ ಕೂರುತ್ತಾಳೆ. ಅವಳ ಅಡ್ಡಹೆಸರು ಸೂಜಿಕೈ. ಇಲಿಯ ಭ್ರೂಣ ಇನ್ನೂ ಒಂದೇ ಕೋಶವಾಗಿರುವಾಗ, ಸೂಕ್ಷ್ಮದರ್ಶಕದ ಕೆಳಗೆ ಕೂದಲಿಗಿಂತ ತೆಳುವಾದ ಗಾಜಿನ ಸೂಜಿ ಚುಚ್ಚಿ ಅದರ ಜೀನು ಬದಲಿಸುವವಳು. ಮನುಷ್ಯರ ಕೈನಡುಕದ ರೋಗವನ್ನು ಇಲಿಯಲ್ಲಿ ಹುಟ್ಟಿಸಿದರೆ ಮದ್ದನ್ನು ಮೊದಲು ಅದರ ಮೇಲೆ ಪರೀಕ್ಷಿಸಬಹುದು. ಅದಕ್ಕೇ ಇಷ್ಟೆಲ್ಲ.

ನಡುಕ ಹುಟ್ಟಿಸಲು ನಡುಗದ ಕೈ ಬೇಕು. ಮನೆಯಲ್ಲಿ ಇದೇ ಶಾಸನ.

"ಅವಳ ಕೈಗೆ ಚಾಕು ಕೊಡಬೇಡ, ಕುಯ್ದುಕೊಂಡ್ರೆ ಏನ್ ಗತಿ?" ಎನ್ನುತ್ತಿದ್ದರು ಅತ್ತೆ. "ಸೋಪಿನ ನೀರೂ ಬೇಡ, ಚರ್ಮ ಒಡೆಯುತ್ತೆ."

ಹಗಲೆಲ್ಲ ಬೋನು ತೊಳೆದ ಕೈಯೇ ಸಂಜೆ ಮನೆಯ ಪಾತ್ರೆಗಳನ್ನೂ ತೊಳೆಯುತ್ತಿತ್ತು. ನಾದಿನಿ ನಿಂಬೆ ಪರಿಮಳದ ಕ್ರೀಮು ಸವರಿಕೊಂಡು ಕೂತಿರುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಬೋನಕ್ಕ ಪಾತ್ರೆಗಳಿಗೆ ಹೇಳಿಕೊಳ್ಳುತ್ತಿದ್ದಳು. ಆ ನುಣುಪು ಬೆರಳುಗಳನ್ನು ಕಂಡರೆ ಅವಳ ಹೊಟ್ಟೆ ಉರಿಯುತ್ತಿತ್ತು.

ಚುಚ್ಚಿದ ಭ್ರೂಣಗಳನ್ನು ಬೇರೊಂದು ಹೆಣ್ಣಿಲಿಯ ಒಡಲಿಗೆ ಸೇರಿಸುತ್ತಾರೆ. ಹೊರುವುದು, ಹೆರುವುದು, ಹಾಲೂಡುವುದು ಅದರ ಪಾಲು. ಕಾಗದದಲ್ಲಿ ಅದಕ್ಕೊಂದು ನಂಬರು. ಬೋನಕ್ಕ ಮಾತ್ರ ಅದನ್ನು 'ಓರಗಿತ್ತಿ' ಎಂದು ಕರೆಯುತ್ತಿದ್ದಳು.

ನಾಲ್ಕು ಸಲ ಬಸಿರು ನಿಲ್ಲಲಿಲ್ಲ. ಐದನೆಯ ಸಲ ಏಳು ಮರಿ ಬಂದವು, ಕೆಂಪಗೆ, ಕಿರುಬೆರಳ ತುದಿಯಷ್ಟು. ಸುದ್ದಿ ಕೇಳಿದ್ದೇ ನಾದಿನಿ ಕ್ರೀಮಿನ ಕೈಯಲ್ಲೇ ಗವಸು ಎಳೆದುಕೊಳ್ಳುತ್ತ ಇಳಿದು ಬಂದಳು. ನಿಂಬೆಯ ವಾಸನೆ ಅವಳಿಗಿಂತ ಮುಂಚೆ ಒಳಗೆ ಬಂತು.

"ನನ್ನ ಮರಿಗಳೆಲ್ಲಿ ಅತ್ತಿಗೆ? ಒಂದ್ಸಲ ಎತ್ತಿ ನೋಡ್ತೀನಿ."

ನನ್ನ ಮರಿಗಳಂತೆ. ಬೋನಕ್ಕ ಮುಚ್ಚಳ ತೆಗೆದು ಪಕ್ಕಕ್ಕೆ ಸರಿದಳು. ಮರಿಯ ಮೈಯಿಂದ ಹೊರಗಿನ ವಾಸನೆ ಬಂದರೆ ಬಾಣಂತಿ ಇಲಿ ಅದನ್ನು ತಿಂದುಬಿಡುವುದುಂಟು. ಮುಟ್ಟುವ ಮೊದಲು ಆ ಬೋನಿನದೇ ಹಳೇ ಹೊಟ್ಟಿನಲ್ಲಿ ಕೈ ಉಜ್ಜಿಕೊಳ್ಳಬೇಕು. ಹಸಿ ಮರಿಯನ್ನು ಎಂದೂ ಮುಟ್ಟದ ಮಹಡಿಯವರಿಗೆ ಇದು ತಿಳಿಯದು.

ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ನಾಳೆ ಬೋನು ಖಾಲಿ, ನಾದಿನಿಯ ಮುಖ ಚಿಕ್ಕದು, ತಪ್ಪು ಯಾರದೂ ಅಲ್ಲ. ಆ ಸುಖವನ್ನು ಬೋನಕ್ಕ ಒಂದು ಗಳಿಗೆ ಚಪ್ಪರಿಸಿದಳು ಕೂಡ. ಗವಸಿನ ಕೈ ಕೆಳಗಿಳಿಯಿತು. ಓರಗಿತ್ತಿ ಮರಿಗಳ ಮೇಲೆ ಮೈಚಾಚಿ ಮೂಗೆತ್ತಿತು. ಹೊತ್ತದ್ದು ಅದು, ಹೆತ್ತದ್ದನ್ನು ತಿನ್ನಬೇಕಾಗಿ ಬರುವುದೂ ಅದಕ್ಕೇ.

"ತಡಿ," ಎಂದಳು ಬೋನಕ್ಕ. "ಮೊದಲು ಅಲ್ಲಿ ಸೋಪು ಹಾಕಿ ಕೈ ತೊಳಿ. ಬೇರೆ ಗವಸು ಹಾಕ್ಕೊಂಡು ಈ ಹೊಟ್ಟಲ್ಲಿ ಉಜ್ಜು."

"ಇದ್ರಲ್ಲಿ ಉಚ್ಚೆ ಇದೆ ಅತ್ತಿಗೆ."

"ಮರಿ ನಿಂದು ತಾನೆ? ತಾಯಿ ತಿಂದುಹಾಕಿದ್ರೆ ನನ್ನ ಕೇಳಬೇಡ."

ಸೂಜಿಕೈ ಮುಖ ಕಿವುಚಿಕೊಂಡು ಉಜ್ಜಿದಳು. "ಸಾಕಾ?"

"ಇನ್ನೂ. ಬೆರಳ ಸಂದಿ."

ಬೇಕಾದದ್ದಕ್ಕಿಂತ ಎರಡು ನಿಮಿಷ ಹೆಚ್ಚೇ ಉಜ್ಜಿಸಿದಳು.

ಏಳೂ ಉಳಿದವು. ಎರಡರಲ್ಲಿ ಜೀನು ಬದಲಾಗಿತ್ತು. ಮಹಡಿಯವರೆಲ್ಲ ನಾದಿನಿಯನ್ನು ಹೊಗಳಿದರು.

"ನನ್ನ ಮಗಳ ಕೈ ಬಂಗಾರ," ಎಂದರು ಅತ್ತೆ ಊಟದ ಹೊತ್ತಿಗೆ.

"ಹೌದತ್ತೆ. ಸೋಪಲ್ಲಿ ತೊಳೆದ್ಲು, ಇಲಿ ಉಚ್ಚೆಯಲ್ಲಿ ಉಜ್ಜಿದ್ಲು. ಒಂದು ಬೆರಳೂ ಸವೆದಿಲ್ಲ ನೋಡಿ." ಬೋನಕ್ಕ ಎಂಜಲು ತಟ್ಟೆಗಳನ್ನು ನಾದಿನಿಯ ಮುಂದೆ ಸರಿಸಿದಳು.

ಅತ್ತೆ ಬಾಯಿ ತೆರೆಯುವಷ್ಟರಲ್ಲಿ ನಾದಿನಿ ಎದ್ದು ನಲ್ಲಿ ತಿರುಗಿಸಿದ್ದಳು. ತಟ್ಟೆಗೆ ತಟ್ಟೆ ತಾಗದ ಹಾಗೆ, ಒಂದು ಸದ್ದೂ ಇಲ್ಲದೆ, ಮಿಂಚುವ ಹಾಗೆ ತೊಳೆದಿಟ್ಟಳು. ಕೂತು ನೋಡುತ್ತಿದ್ದ ಬೋನಕ್ಕನಿಗೆ ಅದಕ್ಕೂ ಹೊಟ್ಟೆ ಉರಿಯಿತು.